ನೀರುಗಂಟಿಗೆ ಗದ್ದೆ ಇರಬಾರದು

ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ‘ಸಂಪ್ರದಾಯವಾದದ ಮೂಲತತ್ವಗಳನ್ನು ವಿವರಿಸಿ’ ಎಂದು ಕೇಳಿದ್ದಕ್ಕೆ ಒಬ್ಬಳು ಮುತ್ತು ಪೋಣಿಸಿದ ಹಾಗೆ ಬರೆದಿದ್ದಳು: ‘ಸಂಪ್ರದಾಯವಾದಿಗಳು ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ. ಮಡಿಯಲ್ಲಿ ಅಡುಗೆ ಮಾಡುತ್ತಾರೆ. ಹೊಸ್ತಿಲ ಮೇಲೆ ನಿಲ್ಲಬಾರದು ಎನ್ನುತ್ತಾರೆ.’ ಪಕ್ಕದಲ್ಲಿದ್ದ ಇತಿಹಾಸದ ಮೇಡಂಗೆ ಓದಿ ಹೇಳಿದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಮೇಲೆ ಬೇಜಾರಾಯಿತು. ಸಂಪ್ರದಾಯಸ್ಥರು ಬೇರೆ, ಸಂಪ್ರದಾಯವಾದ ಬೇರೆ, ಒಂದು ಮನೆಯ ಆಚಾರ, ಇನ್ನೊಂದು ಊರು ದೇಶ ಹೇಗೆ ನಡೆಯಬೇಕೆಂಬ ವಿಚಾರ ಎಂದು ಒಂದು ವಾರ ಗಂಟಲು ಹರಿದುಕೊಂಡಿದ್ದೆ. ಆದರೂ ಹೊಸ್ತಿಲ ಮಾತಿಗೆ ಒಂದು ಅಂಕ ಕೊಟ್ಟೆ.

ನಾನು ಟಿ. ನರಸೀಪುರದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿಯಾಗಿ ಹದಿನೈದು ವರ್ಷ ಆಯಿತು. ಅಷ್ಟು ದಿನ ಯಾವ ಮನೆಯಲ್ಲೂ ನೆಂಟರನ್ನು ಇಟ್ಟುಕೊಳ್ಳುವುದಿಲ್ಲ. ಇರುವುದು ನಂಜನಗೂಡಿನಲ್ಲಿ. ಯಜಮಾನರು ತಾಂಡ್ಯದ ಕಾರ್ಖಾನೆಯೊಂದರಲ್ಲಿ ಶಿಫ್ಟು ಕೆಲಸಕ್ಕೆ ಹೋಗುತ್ತಾರೆ. ನಾನು ದಿನಾ ಬಸ್ಸಿನಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡುತ್ತೇನೆ. ಒಂದು ಕಡೆ ಕೂತು ನನಗೆ ಅಭ್ಯಾಸವಿಲ್ಲ. ಸೀಟು ಸಿಕ್ಕಿದರೂ ಇಳಿಯುವ ಜಾಗಕ್ಕೆ ಇನ್ನೂ ಎರಡು ಸ್ಟಾಪು ಇರುವಾಗಲೇ ಎದ್ದು ಬಾಗಿಲ ಹತ್ತಿರ ನಿಲ್ಲುತ್ತೇನೆ. ‘ಬಿದ್ದೋಯ್ತೀರ ಮೇಡಂ, ಒಳಕ್ಕೆ ಬನ್ನಿ’ ಎಂದು ಕಂಡಕ್ಟರು ಬೈದರೂ ಕೇಳುವುದಿಲ್ಲ. ಇಂಥವಳಿಗೆ ಇಡೀ ಪಠ್ಯದಲ್ಲಿ ಇಷ್ಟವಾದ ಪಾಠ ಯಾವುದು ಎಂದರೆ, ಇದ್ದದ್ದನ್ನು ಇದ್ದಲ್ಲೇ ಇರಲು ಬಿಡಿ ಎನ್ನುವ ಪಾಠ. ಇದಕ್ಕೆ ನನ್ನ ಗಂಡ ನಗುತ್ತಾರೆ.

ಯಾಕೆ ಇಷ್ಟ ಎಂದು ಹೇಳಬೇಕು. ಮನುಷ್ಯ ತಪ್ಪು ಮಾಡುವ ಪ್ರಾಣಿ, ಅವನ ಬುದ್ಧಿಯೊಂದನ್ನೇ ನಂಬಿ ಊರನ್ನು ಕಿತ್ತು ಹೊಸದಾಗಿ ಕಟ್ಟಲು ಹೋಗಬೇಡಿ ಎನ್ನುತ್ತದೆ ಆ ವಿಚಾರ. ಒಂದು ಪದ್ಧತಿ ನೂರಾರು ವರ್ಷ ಉಳಿದಿದ್ದರೆ ಅದರೊಳಗೆ ನಮಗೆ ಕಾಣದ ಒಂದು ಕಾರಣ ಇದ್ದೀತು, ಆ ಕಾರಣ ತಿಳಿಯುವ ತನಕ ಕೈ ಹಾಕಬೇಡಿ ಎನ್ನುತ್ತದೆ. ಬದಲಾಯಿಸಲೇಬೇಕಾದರೆ ನಿಧಾನವಾಗಿ, ಇರುವುದು ಕುಸಿಯದ ಹಾಗೆ ಬದಲಾಯಿಸಿ ಎನ್ನುತ್ತದೆ. ನನ್ನಂಥ ದುಡುಕು ಸ್ವಭಾವದವಳಿಗೆ ಹಿರಿಯರೊಬ್ಬರು ಭುಜದ ಮೇಲೆ ಕೈಯಿಟ್ಟು ‘ತಾಳು’ ಎಂದ ಹಾಗಾಗುತ್ತಿತ್ತು. ಅದಕ್ಕೇ ಇಷ್ಟ.

ಮಕ್ಕಳಿಗೆ ಅರ್ಥವಾಗಲೆಂದು ಪ್ರತಿ ವರ್ಷವೂ ನಮ್ಮೂರ ನೀರುಗಂಟಿಯ ಉದಾಹರಣೆ ಕೊಡುತ್ತಿದ್ದೆ. ಸೋಸಲೆಯ ಬಸ್ಸು ಇಳಿದು ಸ್ವಲ್ಪ ದೂರ ನಡೆದರೆ ಸಿಗುವ ಊರು ನಮ್ಮದು. ನಾಲೆಯ ನೀರಿಗೆ ಬತ್ತ ಬೆಳೆಯುತ್ತಾರೆ. ಯಾರ ಗದ್ದೆಗೆ ಯಾವಾಗ, ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವುದು ನೀರುಗಂಟಿ. ಅವನು ಗುದ್ದಲಿ ಹಿಡಿದು ಗದ್ದೆಗೆ ನೀರು ಹಾಯುವ ಮಡೆ ತೆರೆದರೆ ಸರಿ, ಮುಚ್ಚಿದರೆ ಸರಿ. ನೂರು ಎಕರೆ ಇರುವವನೂ ತನ್ನ ಗದ್ದೆಯ ಮಡೆಗೆ ತಾನೇ ಕೈ ಹಾಕುವಂತಿಲ್ಲ. ಇದಕ್ಕೊಂದು ಕಟ್ಟುಪಾಡು ಇತ್ತು. ಆ ಅಚ್ಚುಕಟ್ಟಿನಲ್ಲಿ ನೀರುಗಂಟಿಗೆ ಸ್ವಂತ ಗದ್ದೆ ಇರಬಾರದು. ಗದ್ದೆ ಇದ್ದವನು ಮೊದಲು ತನ್ನ ಗದ್ದೆಗೇ ನೀರು ಕಟ್ಟಿಕೊಳ್ಳುತ್ತಾನಲ್ಲ! ನೀರುಗಂಟಿಯ ಮನೆತನಕ್ಕೆ ಹಿಂದೆ ಯಾರೋ ಇನಾಮು ಬಿಟ್ಟಿದ್ದ ತುಂಡು ಹೊಲವೂ ದಿಬ್ಬದ ಮೇಲಿತ್ತು, ತಲೆಕೆಳಗಾಗಿ ನಿಂತರೂ ನಾಲೆ ನೀರು ಹತ್ತದ ಜಾಗ. ಕೊಯ್ಲಾದಾಗ ಪ್ರತಿ ಗದ್ದೆಯವರೂ ಅವರಿಗೆ ಬತ್ತ ಕೊಡಬೇಕು.

‘ನೋಡಿ,’ ಎನ್ನುತ್ತಿದ್ದೆ ತರಗತಿಯಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ‘ಯಾವ ಕಾನೂನಿನ ಪುಸ್ತಕದಲ್ಲೂ ಬರೆದಿಲ್ಲ. ಕಮಿಟಿಯಿಲ್ಲ, ಚುನಾವಣೆಯಿಲ್ಲ. ಆದರೂ ಕಟ್ಟಕಡೆಯ ಗದ್ದೆಗೂ ನೀರು ಹೋಗುತ್ತದೆ. ರೂಢಿಯ ಬುದ್ಧಿ ಎಂದರೆ ಇದು.’ ಮಕ್ಕಳು ಬರೆದುಕೊಳ್ಳುತ್ತಿದ್ದರು. ಆ ಮನೆತನ ಯಾವ ಕೇರಿಯದು, ತಲೆತಲಾಂತರದಿಂದ ಅವರಿಗೇ ಯಾಕೆ ಗದ್ದೆ ಇಲ್ಲ ಎಂದು ನಾನು ಹೇಳುತ್ತಿರಲಿಲ್ಲ. ಯಾರೂ ಕೇಳುತ್ತಲೂ ಇರಲಿಲ್ಲ. ನಮ್ಮೂರಿನವರೇ ಆದ ಮಕ್ಕಳಿಗೆ ಗೊತ್ತೇ ಇತ್ತು, ಅವರು ತಲೆ ತಗ್ಗಿಸಿ ಬರೆಯುತ್ತಿದ್ದರು.

ಉದಾಹರಣೆಯಲ್ಲಿ ‘ಅವನು’ ಎನ್ನುತ್ತಿದ್ದೆನೇ ಹೊರತು ಹನ್ನೊಂದು ವರ್ಷದಿಂದ ಆ ಗುದ್ದಲಿ ಹಿಡಿದಿರುವುದು ಹೆಂಗಸು. ಗಂಡ ತೀರಿಕೊಂಡಾಗ ನಾಟಿ ಆಗಿತ್ತು, ನೀರು ನಿಲ್ಲಿಸುವಂತಿರಲಿಲ್ಲ. ತಿಥಿ ಮುಗಿಸಿ ಮಾರನೆಯ ದಿನವೇ ನಾಲೆಯ ಮೇಲೆ ಬಂದು ನಿಂತರಂತೆ. ಹೆಂಗಸು ಮಡೆ ಕಟ್ಟುವುದುಂಟೇ ಎಂದು ಗೊಣಗಿದರು, ಕೊನೆಗೆ ಊರ ಹಿರಿಯರೊಬ್ಬರು ‘ಈ ಪೈರ್‌ಗೆ ಮಾತ್ರ ಬುಟ್ಬುಡಿ’ ಎಂದರು. ಮುಂದಿನ ಪೈರಿಗೂ ಅದೇ ಮಾತು, ಅದರ ಮುಂದಿನದಕ್ಕೂ. ಯಾರೂ ಪದ್ಧತಿ ಮುರಿದೆವು ಎನ್ನಲಿಲ್ಲ, ಯಾರೂ ಅವರನ್ನು ನೀರುಗಂಟಿ ಎಂದು ಕರೆಯಲೂ ಇಲ್ಲ. ಗಂಡನ ಬದಲಿಗೆ ನೋಡಿಕೊಳ್ಳುತ್ತಿದ್ದಾಳೆ, ಅಷ್ಟೆ. ನನ್ನನ್ನು ಕಾಲೇಜಿಗೆ ಕಳಿಸುವಾಗಲೂ ಅಪ್ಪ ‘ಈ ಒಂದ್ ವರ್ಸಕ್ಕೆ ಮಾತ್ರ’ ಎಂದೇ ಐದು ವರ್ಷ ಓದಿಸಿದ್ದರಿಂದ, ಬದಲಾವಣೆ ಬರಬೇಕಾದದ್ದೇ ಹೀಗೆ, ಹಿತ್ತಲ ಬಾಗಿಲಿನಿಂದ, ಸದ್ದಿಲ್ಲದೆ ಎಂದು ನಾನು ನಂಬಿದ್ದೆ.

ಉತ್ತರಪತ್ರಿಕೆ ತಿದ್ದಿದ ಮರುವಾರ ಅವರೇ ಕಾಲೇಜಿಗೆ ಬಂದರು. ಆಧಾರ್ ಕಾರ್ಡು ತೋರಿಸಿ ಫ್ರೀ ಬಸ್ಸಿನಲ್ಲಿ ಬಂದು, ಸ್ಟಾಫ್ ರೂಮಿನ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಚಿಕ್ಕಂದಿನಲ್ಲಿ ಅವರನ್ನು ನೀನು ತಾನು ಎಂದೇ ಮಾತಾಡಿಸಿದ್ದೆ, ಹಾಗೆಯೇ ಕಲಿಸಿದ್ದರು. ಬುದ್ಧಿ ಬಂದ ಮೇಲೆ ‘ನೀವು’ ಎನ್ನತೊಡಗಿದೆ. ಅವರಿಗೆ ಅದನ್ನು ಕೇಳಿದರೆ ನಗು.

‘ನಿಮ್ ಗದ್ದೆ ಕೊಡ್ತೀರಂತಲ್ಲವ್ವ?’ ಎಂದರು.

ನಿಜ. ಅಮ್ಮ ಸಾಯುವ ಮುಂಚೆ ಅರಿಶಿನ ಕುಂಕುಮಕ್ಕೆಂದು ನನ್ನ ಹೆಸರಿಗೆ ಬರೆದುಕೊಟ್ಟ ಗದ್ದೆ ಅದು, ಅಣ್ಣನ ಗದ್ದೆಯ ಮಗ್ಗುಲಲ್ಲೇ. ಅಣ್ಣನೇ ಉಳುತ್ತಿದ್ದ. ನಂಜನಗೂಡಿನ ಮನೆಯ ಮೇಲೆ ಎರಡು ರೂಮು ಎಬ್ಬಿಸುವ ಆಸೆಯಿಂದ ಮಾರುವ ಮಾತು ಎತ್ತಿದ್ದೆ.

‘ನಂಗ್ ಕೊಡಿ. ಮಗ್ಳೂ ತಾಂಡ್ಯದಲ್ಲಿ ಕೆಲ್ಸುಕ್ ಓಯ್ತಾವ್ಳೆ, ಬ್ಯಾಂಕ್ನೋರೂ ಕೊಡ್ತೀವಿ ಅಂದವ್ರೆ. ಬೇರೆಯೋರು ಏನ್ ಕೊಟ್ಟಾರೋ ಅದ್ನೇ ನಾನೂ ಕೊಡ್ತೀನಿ.’

ಈಗ ನಾನು ಆಡಿದ ಮಾತು ಬರೆಯಬೇಕು. ಊರಿನವರು ಆಡಿದರು ಎಂದು ಬರೆದುಬಿಟ್ಟರೆ ಸಲೀಸು. ಆದರೆ ಮೊದಲು ಆಡಿದವಳು ನಾನೇ.

‘ಅಲ್ಲ... ನೀರುಗಂಟಿಗೆ ಗದ್ದೆ ಇರಬಾರದಲ್ವಾ?’

ಅವರು ನನ್ನ ಮುಖವನ್ನೇ ನೋಡಿದರು. ‘ಯಾರವ್ವ ಯೋಳಿದ್ದು?’

‘ರೂಢಿ...’

‘ರೂಢಿ ಅನ್ನೋದು ಎಲ್ಲವ್ವಾ ಅದೆ? ಮಳೆ ಬಿಸ್ಲು ಅನ್ದೆ ನಾಲೆ ಮ್ಯಾಗೆ ನಿಂತಿರೋಳು ನಾನು. ಅದ್ನ ನಾನು ಒಂದಿನಾನೂ ಅಲ್ಲಿ ಕಂಡಿಲ್ಲ.’ ಅಷ್ಟು ಹೇಳಿ, ಚಪ್ಪಲಿ ಮೆಟ್ಟಿಕೊಂಡು, ಬಸ್ಸಿನ ಹೊತ್ತಾಯಿತು ಎಂದು ಹೊರಟುಹೋದರು. ಸ್ಟಾಫ್ ರೂಮಿಗೆ ಕರೆದು ಕೂರಿಸಬೇಕಿತ್ತು ಎಂದು ಆಮೇಲೆ ಹೊಳೆಯಿತು. ನಾನು ಬಾಗಿಲಲ್ಲಿ, ಅವರು ಹೊರಗೆ, ಹೊಸ್ತಿಲಿನ ಎರಡು ಕಡೆ ನಿಂತೇ ಮಾತಾಡಿದ್ದೆವು.

ಅಲ್ಲಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಸ್ಸಿನಲ್ಲಿ ಕೂತರೆ ಅವರ ಪರವಾಗಿ ವಾದ ಹುಟ್ಟುತ್ತಿತ್ತು, ಇಳಿದು ನಡೆದರೆ ಊರಿನ ಪರವಾಗಿ. ಅವರಿಗೆ ಗದ್ದೆ ಬಂದು, ನಾಳೆ ನೀರು ಕಮ್ಮಿಯಾದ ವಾರ ಅವರು ಮೊದಲು ತಮ್ಮ ಮಡೆ ತೆರೆದರೆ? ಆಮೇಲೆ ಒಬ್ಬೊಬ್ಬನೂ ತನ್ನ ಗುದ್ದಲಿ ಹಿಡಿದು ನಾಲೆಗೆ ಇಳಿಯುತ್ತಾನೆ. ಒಂದು ಸಲ ಆ ನಂಬಿಕೆ ಹೋದರೆ ಯಾವ ಪೊಲೀಸು, ಯಾವ ಎಂಜಿನಿಯರು ಅದನ್ನು ತಿರುಗಿ ಕಟ್ಟಿಕೊಡುತ್ತಾನೆ? ಇದು ಸುಳ್ಳು ಭಯವಲ್ಲ, ಈಗಲೂ ನನಗೆ ಇದು ಸುಳ್ಳೆನಿಸುವುದಿಲ್ಲ. ಆದರೆ ಅದೇ ಪಾಠದ ಇನ್ನೊಂದು ಪುಟವೂ ಬಾಯಿಗೆ ಬರುತ್ತಿತ್ತು. ಸ್ವಂತ ಆಸ್ತಿ ಇದ್ದವನಿಗೆ ಊರು ತನ್ನದೆನಿಸುತ್ತದೆ, ಇರುವ ವ್ಯವಸ್ಥೆಯನ್ನು ಕಾಪಾಡುವ ಮನಸ್ಸು ಬರುತ್ತದೆ ಎಂದು ನಾನೇ ಬೋರ್ಡಿನ ಮೇಲೆ ಬರೆಸುತ್ತಿದ್ದೆ. ಹಾಗಾದರೆ ಹನ್ನೊಂದು ವರ್ಷ ಇಡೀ ಅಚ್ಚುಕಟ್ಟು ಕಾಪಾಡಿದವರಿಗೆ ಅಲ್ಲಿ ಒಂದು ಹಿಡಿ ಮಣ್ಣು ಯಾಕಿರಬಾರದು? ಒಂದೇ ಪಾಠದ ಎರಡು ಪುಟ ನನ್ನ ತಲೆಯೊಳಗೆ ಜುಟ್ಟು ಹಿಡಿದುಕೊಂಡು ಜಗಳವಾಡಿದವು. ಒಂದು ದಿನ ಇದೇ ಯೋಚನೆಯಲ್ಲಿ ದಾರಿ ನಡುವಿನ ಸುತ್ತೂರಿನಲ್ಲೇ ಇಳಿದುಬಿಟ್ಟು, ಮುಂದಿನ ಬಸ್ಸಿಗೆ ಬಿಸಿಲಲ್ಲಿ ಕಾಯುತ್ತಾ ನನಗೆ ನಾನೇ ಛೀಮಾರಿ ಹಾಕಿಕೊಂಡೆ.

ಅಣ್ಣನಿಗೆ ಫೋನು ಮಾಡಿದೆ. ಅವನಿಗೆ ಆಗಲೇ ಗೊತ್ತಾಗಿತ್ತು.

‘ಅರಿಸ್ನ ಕುಂಕುಮುಕ್ ಕೊಟ್ಟಿರೋ ಗದ್ದೆಯ ಯಾರಾರಾ ಮಾರ್ಕತಾರಾ? ಮಾರುದ್ರೂ ನೀರ್ ಬುಡೋಳ್ಗಾ ಕಣಮ್ಮಿ? ನನ್ ಮಗ್ಗುಲ್ ಗದ್ದೆ! ನಾಳೀಕೆ ನನ್ ನೀರ ಅವಳ್ ಗದ್ದೆಗೆ ತಿರುಗುಸ್ಕಂಡ್ರೆ ನೀ ಬತ್ತೀಯಾ ನಂಜನಗೂಡಿಂದ?’

‘ಹನ್ನೊಂದು ವರ್ಷದಲ್ಲಿ ಒಂದು ದಿನ ನಿನಗೆ ಮೋಸ ಮಾಡಿದ್ದಾರಾ?’ ಎಂದೆ.

‘ಗದ್ದೆ ಇಲ್ದೋಳು ಏನ್ ಮೋಸ ಮಾಡಾಳು? ನೀರ ಮಂಕ್ರೀಲಿ ತುಂಬ್ಕಂಡ್ ಮನೇಗ್ ಒತ್ಕ ಓದಾಳಾ?’

ಫೋನಿಟ್ಟೆ. ಸಿಟ್ಟು ಬಂತು. ಹೆಚ್ಚು ಸಿಟ್ಟು ಬಂದದ್ದು ಆ ಮಾತು ನನ್ನ ಪಾಠದ ಹಾಗೆಯೇ ಕೇಳಿಸಿತು ಎಂದು.

ಭಾನುವಾರ ಊರಿಗೆ ಹೋದೆ. ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಜನ ಇರುತ್ತಾರೆ, ಊರಿನ ಮಾತುಕತೆಯೆಲ್ಲ ಈಗ ಅಲ್ಲೇ. ಅಂದು ‘ಈ ಪೈರ್‌ಗೆ ಮಾತ್ರ’ ಎಂದಿದ್ದ ಹಿರಿಯರು ಕ್ಯಾನು ಕೆಳಗಿಟ್ಟು ನನ್ನನ್ನು ಪಕ್ಕಕ್ಕೆ ಕರೆದರು. ಒಳ್ಳೆಯ ಮನುಷ್ಯ. ಅವರು ಹೇಳಿದ ಉಪಾಯ ಇದು: ಗದ್ದೆಯ ಕಾಗದ ನನ್ನ ಹೆಸರಿನಲ್ಲೇ ಇರಲಿ. ಗದ್ದೆ ಕೇಳಿದವರು ದುಡ್ಡು ಕೊಟ್ಟು ಉಳುಮೆ ಮಾಡಿಕೊಳ್ಳಲಿ, ಬೆಳೆ ತಿನ್ನಲಿ. ‘ನೀರ್‌ಗಂಟೀಗೆ ಗದ್ದೆ ಆಯ್ತು ಅನ್ನಂಗೂ ಇಲ್ಲ, ಇಲ್ಲ ಅನ್ನಂಗೂ ಇಲ್ಲ. ನಿಂಗೂ ನಿಮ್ಮಣ್ಣಂಗೂ ಯಾಕ್ ಮನಸ್ತಾಪ ಮಗಾ? ಸದ್ಯುಕ್ಕೆ ಇಂಗೇ ಓಗ್ಲಿ.’

ಸುಳ್ಳು ಹೇಳುವುದಿಲ್ಲ, ನನಗೆ ಹಾಯೆನಿಸಿತು. ಇದೇ ಅಲ್ಲವೇ ನಾನು ಪ್ರತಿ ವರ್ಷ ಹೊಗಳುತ್ತಿದ್ದ ಜಾಣತನ? ಏನೂ ಮುರಿಯದೆ, ಯಾರನ್ನೂ ಸೋಲಿಸದೆ. ಹೆಚ್ಚುಕಡಿಮೆ ಓಡಿಕೊಂಡೇ ನೀರುಗಂಟಿಯ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಪಕ್ಕದಲ್ಲೇ ಕೂತು ಎಲ್ಲವನ್ನೂ ಹೇಳಿದೆ, ಖುಷಿಯಿಂದಲೇ ಹೇಳಿದೆ.

ಸೊಪ್ಪಿನಿಂದ ಕಣ್ಣೆತ್ತಲಿಲ್ಲ ಅವರು. ‘ಅನ್ನೊಂದ್ ವರ್ಸದಿಂದ ಈ ಪೈರ್‌ಗೆ ಮಾತ್ರ ಅಂತ್ಲೇ ನೀರ್ ಬುಡ್ತಾವ್ನಿ. ಇನ್ ಗದ್ದೇನೂ ಅಂಗೇ ಮಾಡನಾ? ನಾಳೆ ನಾನ್ ಸತ್ರೆ ನನ್ ಮಗ್ಳು ನಿಮ್ ಮನೆ ಬಾಗ್ಲಿಗ್ ಬಂದು, ಇದು ನಮ್ಮವ್ವನ್ ಗದ್ದೆ ಅಂದ್ರೆ, ನಿಮ್ ಮಕ್ಳು ಊ ಅಂದಾರಾ?’

ನನ್ನ ಮಕ್ಕಳನ್ನು ನಾನು ಬಲ್ಲೆ.

‘ಕೊಟ್ರೆ ಕೊಡಿ ಅವ್ವ, ಇಲ್ದಿದ್ರೆ ಇಲ್ಲ ಅನ್ನಿ. ಇಲ್ಲ ಅನ್ನೋದು ನಂಗೇನ್ ಒಸ್ದಲ್ಲ. ಎರಡರ ಮದ್ಯ ನಿಲ್ಲುಸ್ಬ್ಯಾಡಿ.’

ನಿಧಾನ ಎಂಬುದು ಕಾಯುವವರಿಗೊಂದು, ಕಾಯಿಸುವವರಿಗೊಂದು ಎಂದು ಆ ಜಗಲಿಯ ಮೇಲೆ ಕೂತಾಗ ನನಗೆ ನಾಚಿಕೆಯಾಗುವ ಹಾಗೆ ತಿಳಿಯಿತು. ‘ಈ ಒಂದ್ ವರ್ಸಕ್ಕೆ ಮಾತ್ರ’ ಎಂದು ಓದಿದ ನಾನು ಐದು ವರ್ಷಕ್ಕೆ ಕೈಯಲ್ಲಿ ಡಿಗ್ರಿ ಹಿಡಿದು ಬಂದೆ. ಅವರು ಹನ್ನೊಂದು ವರ್ಷದ ಮೇಲೂ ಗಂಡನ ಬದಲಿಯೇ. ಹಾಗೆಂದು ಊರನ್ನು ಬೈದು ಬರೆಯಲೂ ನನಗೆ ಮನಸ್ಸಿಲ್ಲ. ಆ ಹಿರಿಯರು ಅಂದು ‘ಈ ಪೈರ್‌ಗೆ’ ಎನ್ನದಿದ್ದರೆ ಇವರ ಕೈಗೆ ಗುದ್ದಲಿಯೇ ಬರುತ್ತಿರಲಿಲ್ಲ.

‘ಕೊಡ್ತೀನಿ, ನಿಮ್ಮ ಹೆಸರಿಗೇ’ ಎಂದೆ.

ಟಿ. ನರಸೀಪುರದ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದ ದಿನ ಬೆಳಿಗ್ಗೆಯಿಂದ ನಾನು ಮೆಟ್ಟಿಲು ಹತ್ತಿ ಇಳಿಯುತ್ತಲೇ ಇದ್ದೆ. ಸಾಕ್ಷಿ ಹಾಕಲು ಅಣ್ಣ ಬಂದಿದ್ದ. ಬರುವುದಿಲ್ಲ ಎಂದವನು ಬಂದು, ಬೇರೆ ಕಡೆ ಮುಖ ಮಾಡಿಕೊಂಡು ನಿಂತ. ತಂಗಿ ಮಾರುವ ಗದ್ದೆಗೆ ಬೇರೆಯವನು ಸಾಕ್ಷಿ ಹಾಕಿದರೆ ಊರಲ್ಲಿ ಮರ್ಯಾದೆ ಹೋಗುತ್ತದಂತೆ. ಅದೂ ಒಂದು ಪದ್ಧತಿ, ಅಂದು ಅದು ನನ್ನ ಕೆಲಸಕ್ಕೆ ಬಂತು. ಒಳಗೆ ಅವರ ಬೆರಳಿನ ಗುರುತು ಯಂತ್ರಕ್ಕೆ ಹತ್ತಲೇ ಇಲ್ಲ. ಹೆಬ್ಬೆಟ್ಟು ಒತ್ತಿಸಿದರು, ತೋರುಬೆರಳು ಒತ್ತಿಸಿದರು, ಕೈ ತೊಳೆದು ಬಾ ಎಂದರು. ಗುದ್ದಲಿ ಕಾವು ಉಜ್ಜಿ ಉಜ್ಜಿ ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ಎಡಗೈಯ ಒಂದು ಬೆರಳು ಕೊನೆಗೂ ಹತ್ತಿತು. ಹೊರಗೆ ಬಂದು ಅವರು ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದುಕೊಂಡರು. ಅಣ್ಣ ಅದನ್ನು ನೋಡಿ, ಬೈಕು ಹತ್ತಿ ಹೊರಟುಹೋದ.

ಗುದ್ದಲಿ ಕಿತ್ತುಕೊಳ್ಳುತ್ತಾರೆಂದು ನಾನು ಹೆದರಿದ್ದೆ. ಊರು ಹಾಗೆ ಮಾಡಲಿಲ್ಲ. ಆ ಕೆಲಸಕ್ಕೆ ಬೇರೆ ಯಾರು ಬರುತ್ತಾರೆ? ನೋಡೋಣ, ಮೋಸ ಮಾಡಿದರೆ ಆಮೇಲೆ ಇದ್ದೇ ಇದೆ ಎಂದು ಕಾದು ಕೂತರು. ಪಾಪ, ಊರಿನವರ ತಪ್ಪೇನು? ಕಾದು ಕೂತವರಲ್ಲಿ ನಾನೂ ಒಬ್ಬಳು. ಆ ಪೈರಿನುದ್ದಕ್ಕೂ ಊರಿನಿಂದ ಯಾರ ಫೋನು ಬಂದರೂ ‘ನೀರಿನ ವಿಷಯವಾ?’ ಎಂದೇ ಮೊದಲು ಕೇಳುತ್ತಿದ್ದೆ. ಹೊಸ ತರಗತಿಗೆ ಆ ಪಾಠ ಬಂದಾಗ ನೀರುಗಂಟಿಯ ಉದಾಹರಣೆ ಬಿಟ್ಟುಬಿಟ್ಟೆ. ಬದಲಿಗೆ ಏನು ಹೇಳುವುದೆಂದು ತೋಚದೆ ಪುಸ್ತಕ ಓದಿ ಮುಗಿಸಿದೆ.

ನಾಟಿಯಾಗಿ ಒಂದು ತಿಂಗಳಿಗೆ ನಾಲೆಯಲ್ಲಿ ನೀರು ಕಮ್ಮಿಯಾಯಿತು, ಸರದಿ ಕಟ್ಟಿದ್ದಾರೆ ಎಂದು ಸುದ್ದಿ ಬಂತು. ಕಾಲೇಜು ಬಿಟ್ಟವಳೇ ಸೋಸಲೆ ಬಸ್ಸು ಹತ್ತಿದೆ. ಬದುವಿನ ಮೇಲೆ ಬೀಳುತ್ತಾ ಏಳುತ್ತಾ ನಡೆದು ಹೋಗಿ ನೋಡಿದರೆ ಅಣ್ಣನ ಗದ್ದೆಯಲ್ಲಿ ಪಾದ ಮುಳುಗುವಷ್ಟು ನೀರು. ಸುತ್ತ ಎಲ್ಲರ ಗದ್ದೆಗಳೂ ನೆಂದಿವೆ. ನಡುವೆ ಒಂದೇ ಒಂದು ಗದ್ದೆಯ ಮಣ್ಣು ಬಾಯಿ ಬಿಟ್ಟಿದೆ, ಪೈರಿನ ತುದಿ ಹಳದಿ. ಅದು ಅವರದು. ಅವರು ಮಡೆಯ ಹತ್ತಿರ ಗುದ್ದಲಿ ಊರಿಕೊಂಡು ನಿಂತಿದ್ದರು.

ನನಗೆ ತಡೆಯಲಾಗಲಿಲ್ಲ. ‘ಏನಿದು? ನಿಮ್ಮ ಗದ್ದೆಗೆ ಯಾಕೆ ಬಿಟ್ಟಿಲ್ಲ? ಯಾರು ಬೇಡ ಅಂದರು, ಹೇಳಿ, ನಾನು ಹೋಗಿ ಕೇಳ್ತೀನಿ!’ ಎಂದು ಕೂಗಾಡಿದೆ. ಮಡೆ ತೆರೆಯಲು ನಾನೇ ಬಗ್ಗಿದೆ. ಗುದ್ದಲಿಯ ಕಾವನ್ನು ಅಡ್ಡ ಹಿಡಿದರು.

‘ಮಡೇಗ್ ಕೈ ಆಕ್ಬ್ಯಾಡಿ. ಯಾರೂ ಏನೂ ಅಂದಿಲ್ಲ. ಕೆಳಗ್ಲ ಗದ್ದೆಯೋರ್ದು ಇನ್ನೂ ಆಗಿಲ್ಲ. ನಂದು ಕಡೇ ಸರ್ದಿ, ನಾನೇ ಮಡೀಕಂಡಿವ್ನಿ.’

‘ಅಷ್ಟರಲ್ಲಿ ಪೈರು ಒಣಗಿಹೋದರೆ?’

‘ಓದ್ರೆ ಓಗ್ಲಿ. ನನ್ ಗದ್ದೆ ಅಲ್ವಾ?’

ಆಮೇಲೆ ನನಗೆ ಮಾತ್ರವಲ್ಲ, ಅಲ್ಲಿಲ್ಲದ ಯಾರಿಗೋ ಹೇಳುವ ಹಾಗೆ ಹೇಳಿದರು.

‘ಇಷ್ಟ್ ವರ್ಸ ನ್ಯಾಯ್ವಾಗೇ ಬುಟ್ಟೆ ಅವ್ವ. ಒಬ್ರಾರಾ ಒಳ್ಳೇವ್ಳು ಅಂದ್ರಾ? ಗದ್ದೆ ಇಲ್ದೋಳು, ಇನ್ನೇನ್ ಮಾಡಾಳು ಅಂದ್ರು. ಈಗ ಗದ್ದೆ ಅದೆ. ಈಗ ಅನ್ಲಿ.’